ಡೋಪಮೀನ್: ‘ಸಂತೋಷದ ರಾಸಾಯನಿಕ’ ಎಂಬ ಹಣೆಪಟ್ಟಿ ಸರಿಯೇ?

ಡೋಪಮೀನ್ ಎಂಬ ಹೆಸರನ್ನು ಕೇಳದ ಕಾಲೇಜು ವಿದ್ಯಾರ್ಥಿ ಇಂದು ಸಿಗುವುದು ಕಷ್ಟ. ಪತ್ರಿಕೆಗಳ ಆರೋಗ್ಯ ಪುಟ, ಪರೀಕ್ಷೆಗೆ ಮೊದಲು ನಡೆಯುವ ವ್ಯಕ್ತಿತ್ವ ವಿಕಸನ ಶಿಬಿರ, ಮೊಬೈಲಿನಲ್ಲಿ ಹರಿದುಬರುವ ತುಣುಕು ಚಿತ್ರಗಳು ಎಲ್ಲವೂ ಈ ಹೆಸರನ್ನು ಪರಿಚಯಿಸಿವೆ. ಪರಿಚಯದ ಜೊತೆಗೆ ಮೂರು ಹೇಳಿಕೆಗಳೂ ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಡೋಪಮೀನ್ ಸಂತೋಷವನ್ನು ಕೊಡುವ ರಾಸಾಯನಿಕ. ಎರಡು, ಒತ್ತಡ ಹೆಚ್ಚಾದರೆ ಅದು ಕಡಿಮೆಯಾಗಿ ಮಿದುಳು ಮಂಕಾಗುತ್ತದೆ. ಮೂರು, ಮಿದುಳಿನ ಬಣ್ಣದ ಚಿತ್ರವನ್ನು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ.

ಈ ಮೂರು ಹೇಳಿಕೆಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಮೂರರಲ್ಲಿಯೂ ಸ್ವಲ್ಪ ನಿಜವಿದೆ. ಆದರೆ ಮೂರೂ ಒಂದು ಮುಖ್ಯ ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ: ಮಿದುಳಿನ ಯಾವ ಭಾಗದಲ್ಲಿ? ಈ ಒಂದು ಪ್ರಶ್ನೆಯನ್ನು ಬಿಟ್ಟರೆ ಆಗುವ ನಷ್ಟವೇನು ಎಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಬಳ್ಳಾರಿಗೆ ಬಂದರೆ ಸಾಕು.

ಬಳ್ಳಾರಿಗೂ ಡೋಪಮೀನಿಗೂ ಏನು ಸಂಬಂಧ?

ಭಾರತದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬಳ್ಳಾರಿಗೆ ಒಂದು ವಿಶೇಷ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ತೀವ್ರ ಮನೋರೋಗ, ಮೂರ್ಛೆರೋಗ ಮುಂತಾದವನ್ನು ಗುರುತಿಸಿ, ಕೆಲವೇ ಔಷಧಿಗಳಿಂದ ರೋಗಿಯ ಊರಿನ ಹತ್ತಿರವೇ ಚಿಕಿತ್ಸೆ ಕೊಡುವುದು ಅದರ ಗುರಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಡಿಪಾಯವಾಯಿತು. ಇಂದಿಗೂ ಇದನ್ನು ‘ಬಳ್ಳಾರಿ ಮಾದರಿ’ ಎಂದೇ ಕರೆಯುತ್ತಾರೆ.

ಆ ಕಾಲದ ಮನೋರೋಗ ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಕ್ಲೋರ್‌ಪ್ರೊಮಜೈನ್ ಮತ್ತು ಅದರ ಜಾತಿಯ ಔಷಧಿಗಳು. ಇವು ಡೋಪಮೀನಿನ ಕೆಲಸಕ್ಕೆ ಅಡ್ಡಿಪಡಿಸುವ ಔಷಧಿಗಳು.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಸಿರುಗುಪ್ಪದ ಸಮೀಪದ ಹಳ್ಳಿಯ ಯುವಕನೊಬ್ಬನಿಗೆ ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತಿವೆ, ಮನೆಯವರೆಲ್ಲ ವಿಷ ಹಾಕುತ್ತಾರೆಂಬ ಸಂಶಯ ಕಾಡುತ್ತಿದೆ. ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ದನಿಗಳು ತಗ್ಗುತ್ತವೆ. ಆದರೆ ಕೈ ನಡುಗುತ್ತದೆ, ಮೈ ಬಿಗಿಯಾಗುತ್ತದೆ, ಮುಖದಲ್ಲಿ ಭಾವವೇ ಕಾಣುವುದಿಲ್ಲ. ‘ಇದ್ದ ರೋಗ ಹೋಯಿತು, ಇಲ್ಲದ ರೋಗ ಬಂತು’ ಎಂದು ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ಕೆಲವು ತಿಂಗಳಲ್ಲಿ ದನಿಗಳು ಮರಳಿ ಬರುತ್ತವೆ. ಇಂತಹ ಅನುಭವ ಮನೋವೈದ್ಯರಿಗೆ ಹೊಸದಲ್ಲ.

ಆ ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವ ತಂಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ‘ಡೋಪಮೀನ್ ಎಂದರೆ ಸಂತೋಷ’ ಎಂದಷ್ಟೇ ಆಕೆ ಕಲಿತಿದ್ದರೆ, ಅಣ್ಣನ ಮಾತ್ರೆ ಡೋಪಮೀನನ್ನು ತಡೆಯುತ್ತದೆ ಎಂದು ತಿಳಿದಾಗ ಏನೆಂದು ಯೋಚಿಸುತ್ತಾಳೆ? ‘ಅಣ್ಣನ ಸಂತೋಷವನ್ನೇ ಕಿತ್ತುಕೊಳ್ಳುವ ಮಾತ್ರೆ’ ಎಂದಲ್ಲವೇ? ನಡುಕಕ್ಕೆ ಕಾರಣವೂ ಆಕೆಗೆ ಹೊಳೆಯುವುದಿಲ್ಲ. ಅರ್ಧ ವಿಜ್ಞಾನ ಇಲ್ಲಿ ಅಜ್ಞಾನಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

ಒಂದೇ ನೀರು, ಬೇರೆ ಬೇರೆ ಹೊಲ

ಡೋಪಮೀನ್ ಒಂದು ನರಪ್ರೇಷಕ. ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳಿಸಲು ಬಳಸುವ ವಸ್ತು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವುಗಳಲ್ಲಿ ಡೋಪಮೀನನ್ನು ತಯಾರಿಸುವ ನಡುಮಿದುಳಿನ ಕೋಶಗಳು ಕೆಲವು ಲಕ್ಷ ಮಾತ್ರ. ಇಷ್ಟು ಸಣ್ಣ ಗುಂಪು ಉದ್ದನೆಯ ಎಳೆಗಳನ್ನು ಚಾಚಿ ಮಿದುಳಿನ ದೂರದ ಭಾಗಗಳನ್ನು ತಲುಪುತ್ತದೆ.

ಮುಖ್ಯವಾಗಿ ನಾಲ್ಕು ಹಾದಿಗಳನ್ನು ನೆನಪಿಡಿ. ಮೊದಲನೆಯದು ನಡುಮಿದುಳಿನ ‘ಸಬ್‌ಸ್ಟಾನ್ಷಿಯ ನೈಗ್ರ’ ಎಂಬ ಕಪ್ಪು ಪಟ್ಟಿಯಿಂದ ಸ್ಟ್ರಯೇಟಮ್ಮಿಗೆ ಹೋಗುತ್ತದೆ. ದೇಹದ ಚಲನೆ ಸುಗಮವಾಗಿರಲು ಇದು ಬೇಕು. ಎರಡನೆಯದು ಸ್ಟ್ರಯೇಟಮ್ಮಿನ ಕೆಳಭಾಗಕ್ಕೆ ಹೋಗುತ್ತದೆ. ಯಾವುದನ್ನು ಬಯಸಬೇಕು, ಯಾವುದಕ್ಕಾಗಿ ಶ್ರಮಿಸಬೇಕು ಎಂಬುದರಲ್ಲಿ ಇದರ ಪಾತ್ರವಿದೆ. ಮೂರನೆಯದು ಹಣೆಯ ಹಿಂದಿರುವ ಮಿದುಳ ತೊಗಟೆಗೆ ಹೋಗುತ್ತದೆ. ಈ ಭಾಗವನ್ನು ಇಲ್ಲಿ ‘ಮುಂತೊಗಟೆ’ ಎನ್ನೋಣ. ಒಂದು ಸಂಗತಿಯನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟು ಅದರ ಮೇಲೆ ಕೆಲಸ ಮಾಡುವುದು, ಅಂದರೆ ಬಾಯಿಲೆಕ್ಕ ಮಾಡುವಾಗ ನೀವು ಮಾಡುವ ಕೆಲಸ, ಈ ಭಾಗದ್ದು. ನಾಲ್ಕನೆಯದು ನಡುಮಿದುಳಿನದಲ್ಲ. ಅದು ಹೈಪೊಥಾಲಮಸ್ಸಿನಿಂದ ಹೊರಟು, ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹೆಚ್ಚಾಗಿ ಸುರಿಸದಂತೆ ತಡೆಯುತ್ತದೆ.

ಬಳ್ಳಾರಿ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರೆಯ ಕಾಲುವೆಯ ನೀರು ಒಂದೇ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಅದು ನಿಲ್ಲಬೇಕು. ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಅದೇ ನೀರು ನಿಂತರೆ ಬೇರು ಕೊಳೆಯುತ್ತದೆ. ‘ನೀರು ಒಳ್ಳೆಯದೋ ಕೆಟ್ಟದ್ದೋ’ ಎಂದು ಯಾವ ರೈತನೂ ಕೇಳುವುದಿಲ್ಲ. ಯಾವ ಹೊಲಕ್ಕೆ, ಎಷ್ಟು, ಯಾವಾಗ ಎಂದು ಕೇಳುತ್ತಾನೆ. ಡೋಪಮೀನಿನ ವಿಷಯದಲ್ಲಿಯೂ ಕೇಳಬೇಕಾದದ್ದು ಇದನ್ನೇ.

ಔಷಧಿಗಳು ಕಲಿಸಿದ ಪಾಠ

ಈ ತಿಳಿವಳಿಕೆಯ ಹಿಂದೆ ನಮ್ಮ ನಾಡಿನ ಎರಡು ಗಿಡಗಳಿವೆ. ಮೊದಲನೆಯದು ಸರ್ಪಗಂಧ. ಅದರಿಂದ ಪಡೆದ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಬಿದ್ದುಕೊಳ್ಳುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಅಂತಹ ಮೊಲಗಳಿಗೆ ಎಲ್-ಡೋಪ ಎಂಬ ವಸ್ತುವನ್ನು ಚುಚ್ಚಿದಾಗ ಅವು ಎದ್ದು ಓಡಾಡಿದವು. ಎಲ್-ಡೋಪ ಮಿದುಳಿನಲ್ಲಿ ಡೋಪಮೀನ್ ಆಗಿ ಮಾರ್ಪಡುತ್ತದೆ. ಈ ಸಂಶೋಧನೆಗಾಗಿ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಎರಡನೆಯ ಗಿಡ ನಸುಗುನ್ನಿ. ಮೈಗೆ ತಗುಲಿದರೆ ತುರಿಕೆ ಹತ್ತಿಸುವ ಈ ಬಳ್ಳಿಯ ಬೀಜದಿಂದ 1937ರಷ್ಟು ಹಿಂದೆಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಲ್-ಡೋಪವನ್ನು ಬೇರ್ಪಡಿಸಿದ್ದರು. ಅದು ಇಷ್ಟು ದೊಡ್ಡ ಔಷಧಿಯಾಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1960ರಲ್ಲಿ ವಿಯೆನ್ನಾದ ಹೋರ್ನಿಕೀವಿಚ್ ಇನ್ನೊಂದು ಕೊಂಡಿಯನ್ನು ಸೇರಿಸಿದರು. ಪಾರ್ಕಿನ್ಸನ್ ರೋಗಿಗಳ ಮಿದುಳಿನ ಸ್ಟ್ರಯೇಟಮ್ಮಿನಲ್ಲಿ ಡೋಪಮೀನ್ ಬಹಳ ಕಡಿಮೆಯಾಗಿತ್ತು. ಎಲ್-ಡೋಪ ಕೊಟ್ಟಾಗ ನಡುಕವೂ ಬಿಗಿತವೂ ತಗ್ಗಿದವು. ಈಗ ಸಿರುಗುಪ್ಪದ ಯುವಕನ ಕೈನಡುಕಕ್ಕೆ ಉತ್ತರ ಸಿಕ್ಕಿತು. ಬಾಯಿಯಿಂದ ನುಂಗಿದ ಮಾತ್ರೆಗೆ ವಿಳಾಸವಿರುವುದಿಲ್ಲ. ಅದು ರಕ್ತದೊಡನೆ ನಾಲ್ಕೂ ಹಾದಿಗಳನ್ನು ತಲುಪುತ್ತದೆ. ರೋಗವಿರುವ ಕಡೆ ಡೋಪಮೀನಿನ ಅಬ್ಬರವನ್ನು ತಗ್ಗಿಸುವುದು ಬೇಕಾದ ಪರಿಣಾಮ. ಚಲನೆಯ ಹಾದಿಯಲ್ಲಿ ತಡೆ ಉಂಟಾದರೆ ಪಾರ್ಕಿನ್ಸನ್ನಿನಂತಹ ನಡುಕ. ಪಿಟ್ಯುಟರಿಯ ಹಾದಿಯಲ್ಲಿ ತಡೆಯಾದರೆ ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಕೆಲವು ಮಹಿಳೆಯರಲ್ಲಿ ಮುಟ್ಟು ನಿಲ್ಲುತ್ತದೆ. ಎಲ್ಲವೂ ಒಂದೇ ಕ್ರಿಯೆ, ಜಾಗ ಮಾತ್ರ ಬೇರೆ.

ಜಾಗದ ಜೊತೆಗೆ ಪ್ರಮಾಣವೂ ಮುಖ್ಯ. ವಿಕಿರಣಶೀಲ ಗುರುತು ಹಚ್ಚಿದ ಅಣುಗಳನ್ನು ಬಳಸುವ ಪೆಟ್ ಚಿತ್ರಣದಿಂದ, ಔಷಧಿಯು ಎಷ್ಟು ಡೋಪಮೀನ್ ಗ್ರಾಹಕಗಳನ್ನು ಆಕ್ರಮಿಸಿದೆ ಎಂದು ಅಳೆಯಬಹುದು. ಇಂತಹ ಬಹುಪಾಲು ಔಷಧಿಗಳು ಡಿ2 ಎಂಬ ಗ್ರಾಹಕಗಳಲ್ಲಿ ಸುಮಾರು ಶೇಕಡ 65ರಷ್ಟನ್ನು ತಡೆದಾಗ ಗುಣ ಕಾಣತೊಡಗುತ್ತದೆ. ಸುಮಾರು ಶೇಕಡ 80ನ್ನು ಮೀರಿದರೆ ಬಿಗಿತ, ನಡುಕಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅಂದರೆ ನಡುಕ ಬಂದಾಗ ಮಾಡಬೇಕಾದದ್ದು ಮಾತ್ರೆಯನ್ನು ಬಿಸಾಡುವುದಲ್ಲ. ವೈದ್ಯರ ಬಳಿಗೆ ಮರಳಿ ಹೋಗಿ ಪ್ರಮಾಣ ತಗ್ಗಿಸಲು, ಔಷಧಿ ಬದಲಿಸಲು ಅಥವಾ ನಡುಕಕ್ಕೆ ಬೇರೆ ಮಾತ್ರೆ ಕೊಡಲು ಸಾಧ್ಯವೇ ಎಂದು ಕೇಳುವುದು.

ಡೋಪಮೀನನ್ನು ಹೆಚ್ಚಿಸುವ ಔಷಧಿಯದೂ ಇದೇ ಕಥೆ. 2001ರಲ್ಲಿ ಕೇಂಬ್ರಿಜ್‌ನ ರೋಶನ್ ಕೂಲ್ಸ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳಿಗೆ ಎರಡು ಬಗೆಯ ಪರೀಕ್ಷೆಗಳನ್ನು ಕೊಟ್ಟರು. ಎಲ್-ಡೋಪ ತೆಗೆದುಕೊಂಡಾಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಪರೀಕ್ಷೆಯಲ್ಲಿ ರೋಗಿಗಳು ಸುಧಾರಿಸಿದರು. ಸರಿ ಉತ್ತರ ಇದ್ದಕ್ಕಿದ್ದಂತೆ ತಿರುವುಮುರುವಾಗುವ ಪರೀಕ್ಷೆಯಲ್ಲಿ ಅದೇ ಔಷಧಿಯಿಂದ ಹಿಂದೆ ಬಿದ್ದರು. ಸಂಶೋಧಕರ ವಿವರಣೆ ಹೀಗಿದೆ: ರೋಗದ ಆರಂಭದಲ್ಲಿ ಸ್ಟ್ರಯೇಟಮ್ಮಿನ ಮೇಲ್ಭಾಗ ಬರಡಾಗಿರುತ್ತದೆ, ಅಲ್ಲಿ ಔಷಧಿ ಕೊರತೆಯನ್ನು ತುಂಬುತ್ತದೆ. ಕೆಳಭಾಗ ಇನ್ನೂ ಚೆನ್ನಾಗಿರುತ್ತದೆ, ಅಲ್ಲಿ ಅದೇ ಔಷಧಿ ಅತಿಯಾಗುತ್ತದೆ. ಭತ್ತಕ್ಕೆ ಬಿಟ್ಟ ನೀರು ಮೆಣಸಿನಕಾಯಿ ಹೊಲಕ್ಕೆ ನುಗ್ಗಿದಂತೆ.

ಬಳ್ಳಾರಿ ಜಿಲ್ಲೆಗೆ ಹತ್ತಿರವಾದ ಇನ್ನೊಂದು ಉದಾಹರಣೆ ಮ್ಯಾಂಗನೀಸ್. ಸಂಡೂರಿನ ಬೆಟ್ಟಗಳ ಈ ಅದಿರು ಎಲ್ಲರಿಗೂ ಗೊತ್ತು. ಮ್ಯಾಂಗನೀಸ್ ದೂಳನ್ನು ದೀರ್ಘಕಾಲ ಹೆಚ್ಚಾಗಿ ಉಸಿರಾಡಿದವರಿಗೆ ಪಾರ್ಕಿನ್ಸನ್ನನ್ನೇ ಹೋಲುವ ಬಿಗಿತ, ನಡಿಗೆಯ ತೊಂದರೆ ಬರಬಹುದೆಂದು 1837ರಲ್ಲೇ ಸ್ಕಾಟ್ಲೆಂಡಿನಲ್ಲಿ ದಾಖಲಾಗಿದೆ. ಆದರೆ ಈ ರೋಗಕ್ಕೆ ಎಲ್-ಡೋಪ ಅಷ್ಟಾಗಿ ನಾಟುವುದಿಲ್ಲ. ಮ್ಯಾಂಗನೀಸ್ ಮುಖ್ಯವಾಗಿ ಕೆಡಿಸುವುದು ಡೋಪಮೀನ್ ತಯಾರಾಗುವ ಜಾಗವನ್ನಲ್ಲ, ಅದರಿಂದ ಮುಂದಿರುವ ‘ಗ್ಲೋಬಸ್ ಪ್ಯಾಲಿಡಸ್’ ಎಂಬ ಭಾಗವನ್ನು. ಹೊರಗೆ ಒಂದೇ ಲಕ್ಷಣ, ಒಳಗೆ ಬೇರೆ ಜಾಗ, ಆದ್ದರಿಂದ ಬೇರೆ ಫಲ.

ಸಂತೋಷವೋ, ನಿರೀಕ್ಷೆಯೋ?

‘ಆದರೂ ಎರಡನೆಯ ಹಾದಿಯಲ್ಲಿ ಡೋಪಮೀನ್ ಎಂದರೆ ಸಂತೋಷವೇ ಅಲ್ಲವೇ?’ ಎಂದು ನೀವು ಕೇಳಬಹುದು. ಅದೂ ಅಷ್ಟು ಸರಳವಲ್ಲ. ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಡೋಪಮೀನ್ ಕೋಶಗಳ ಮಿಡಿತವನ್ನು ದಾಖಲಿಸಿದರು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಮಿಡಿದವು. ರಸಕ್ಕೆ ಮೊದಲು ಪ್ರತಿ ಬಾರಿಯೂ ಒಂದು ಸೂಚನೆ ಕೊಟ್ಟು ರೂಢಿಯಾದ ಮೇಲೆ ಮಿಡಿತ ಸೂಚನೆಯ ಕ್ಷಣಕ್ಕೆ ಸರಿಯಿತು. ರಸ ಸಿಕ್ಕಾಗ ಏನೂ ಇಲ್ಲ. ಸೂಚನೆ ಬಂದರೂ ರಸ ಬಾರದಿದ್ದಾಗ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ರಸದ ಸವಿ ಪ್ರತಿ ಸಲವೂ ಒಂದೇ. ಹಾಗಾಗಿ ಕೋಶಗಳು ಲೆಕ್ಕ ಹಾಕುತ್ತಿದ್ದದ್ದು ಸವಿಯನ್ನಲ್ಲ, ನಿರೀಕ್ಷೆಗೂ ಫಲಕ್ಕೂ ಇರುವ ಅಂತರವನ್ನು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಅವರ ಪ್ರಯೋಗ ಇನ್ನೂ ಸ್ಪಷ್ಟ. ಡೋಪಮೀನನ್ನು ಬಹುತೇಕ ಪೂರ್ತಿ ಕಳೆದುಕೊಂಡ ಇಲಿಗಳು ತಾವಾಗಿ ತಿನ್ನಲು ಹೋಗುವುದಿಲ್ಲ. ಆದರೆ ಸಕ್ಕರೆ ನೀರನ್ನು ಬಾಯಿಗೆ ಬಿಟ್ಟರೆ ಸವಿಯುವ ಮುಖಭಾವ ಹಾಗೆಯೇ ಇರುತ್ತದೆ. ಸವಿಯುವುದೇ ಬೇರೆ, ಬಯಸುವುದೇ ಬೇರೆ. ಡೋಪಮೀನ್ ಹೆಚ್ಚಾಗಿ ಎರಡನೆಯದಕ್ಕೆ ಸೇರಿದ್ದು. ಮೊಬೈಲನ್ನು ಪದೇ ಪದೇ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೆ ಪ್ರತಿ ಸಲವೂ ಸಂತೋಷವೇನೂ ಸಿಗುವುದಿಲ್ಲ. ಸಿಗಬಹುದೆಂಬ ನಿರೀಕ್ಷೆಯೇ ಎಳೆಯುತ್ತದೆ. ಈಗ ಫ್ಯಾಷನ್ ಆಗಿರುವ ‘ಡೋಪಮೀನ್ ಉಪವಾಸ’ದಲ್ಲಿ ಮೊಬೈಲ್ ಬದಿಗಿಟ್ಟರೆ ಅಭ್ಯಾಸ ಸಡಿಲವಾಗಬಹುದು, ಅದು ಒಳ್ಳೆಯದೇ. ಆದರೆ ತೊಟ್ಟಿ ತೊಳೆದಂತೆ ಮಿದುಳಿನ ಡೋಪಮೀನನ್ನು ಖಾಲಿ ಮಾಡಿ ತುಂಬಿಸಿದಂತೆ ಅಲ್ಲ.

ಒತ್ತಡದಲ್ಲಿ ಕುಗ್ಗುವುದೂ ಉಂಟು, ಬೆಳೆಯುವುದೂ ಉಂಟು

ಎರಡನೆಯ ಹೇಳಿಕೆಗೆ ಬರೋಣ. ಒತ್ತಡದಲ್ಲಿ ಡೋಪಮೀನ್ ಕಡಿಮೆಯಾಗುತ್ತದೆಯೇ? 1976ರಷ್ಟು ಹಿಂದೆಯೇ ಫ್ರಾನ್ಸಿನ ಸಂಶೋಧಕರು ಇದಕ್ಕೆ ವಿರುದ್ಧವಾದದ್ದನ್ನು ಕಂಡರು. ಇಲಿಗಳ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ ಮುಂತೊಗಟೆಗೆ ಹೋಗುವ ಡೋಪಮೀನ್ ಹಾದಿ ಚುರುಕಾಯಿತು. ಹೆಚ್ಚಾದದ್ದು ಒಳ್ಳೆಯದಾಯಿತೇ? ಇಲ್ಲ. 1979ರಲ್ಲಿ ಬ್ರೊಜೊಸ್ಕಿ ಮತ್ತು ಗೋಲ್ಡ್‌ಮನ್ ಮುಂತಾದವರು ಕೋತಿಗಳ ಮುಂತೊಗಟೆಯಿಂದ ಡೋಪಮೀನನ್ನು ತೆಗೆದಾಗ, ಆ ಭಾಗವನ್ನೇ ಕತ್ತರಿಸಿದಷ್ಟು ನೆನಪಿನ ನಷ್ಟವಾಗಿತ್ತು. ಅಂದರೆ ತೀರ ಕಡಿಮೆಯಾದರೆ ಕೆಡುಕು. 1996ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನ್‌ಸ್ಟೆನ್ ಮತ್ತು ಸಂಗಡಿಗರು ಒತ್ತಡದಂತಹ ಸ್ಥಿತಿಯನ್ನು ತರುವ ವಸ್ತುವನ್ನು ಇಲಿ, ಕೋತಿಗಳಿಗೆ ಕೊಟ್ಟು ಇನ್ನೊಂದು ತುದಿಯನ್ನು ತೋರಿಸಿದರು. ಮುಂತೊಗಟೆಯಲ್ಲಿ ಡೋಪಮೀನಿನ ಚಟುವಟಿಕೆ ಅತಿಯಾಗಿ ಅದೇ ಬಗೆಯ ನೆನಪು ಕೆಟ್ಟಿತು. ಡೋಪಮೀನನ್ನು ತಡೆಯುವ ಔಷಧಿಯನ್ನು ಮೊದಲೇ ಕೊಟ್ಟಿದ್ದರೆ ನೆನಪು ಕೆಡಲಿಲ್ಲ! ‘ಸಂತೋಷದ ರಾಸಾಯನಿಕ’ವನ್ನು ತಡೆದಾಗ ಮಿದುಳು ಚೆನ್ನಾಗಿ ಕೆಲಸ ಮಾಡಿತು ಎಂಬುದನ್ನು ಗಮನಿಸಿ. ಈ ಸಂಬಂಧದ ನಕ್ಷೆ ಏರುಗೆರೆಯಲ್ಲ, ಕವುಚಿಟ್ಟ ಬೋಗುಣಿ. ನಡುವೆ ಒಳ್ಳೆಯದು, ಎರಡು ತುದಿಯಲ್ಲೂ ಕೆಟ್ಟದ್ದು. ಪರೀಕ್ಷೆಯ ಕೊಠಡಿಯಲ್ಲಿ ಗೊತ್ತಿರುವ ಉತ್ತರವೂ ಕೈಕೊಡುವುದಕ್ಕೆ ಇದು ಒಂದು ಕಾರಣವಿರಬಹುದು.

ಒತ್ತಡ ಮಿದುಳನ್ನೆಲ್ಲ ಒಂದೇ ದಿಕ್ಕಿಗೆ ತಳ್ಳುವುದಿಲ್ಲ ಎಂಬುದಕ್ಕೆ ಅತ್ಯಂತ ಸುಂದರ ಪುರಾವೆ ಸಿಕ್ಕದ್ದು ಬೆಂಗಳೂರಿನಲ್ಲಿ. 2002ರಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿದರು. ಬಳಿಕ ನರಕೋಶಗಳ ಕವಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ಸಿನಲ್ಲಿ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಅವು ಬೆಳೆದಿದ್ದವು. 2004ರಲ್ಲಿ ಇದೇ ತಂಡ ಇನ್ನೊಂದು ಸಂಗತಿಯನ್ನು ವರದಿ ಮಾಡಿತು. ಒತ್ತಡ ನಿಲ್ಲಿಸಿ 21 ದಿನ ಬಿಟ್ಟರೂ ಅಮಿಗ್ಡಲಾದ ಬೆಳವಣಿಗೆ ಹಿಂದಕ್ಕೆ ಹೋಗಲಿಲ್ಲ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಆದರೆ ‘ಒತ್ತಡದಿಂದ ಮಿದುಳು ಮಂಕಾಗುತ್ತದೆ’ ಎಂಬ ಮಾತು ಎಷ್ಟು ಒರಟು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕುಗ್ಗಿದ್ದರ ಜೊತೆಗೆ ಬೆಳೆದದ್ದೂ ತೊಂದರೆಯೇ.

ಬಣ್ಣದ ಚಿತ್ರ ಏನನ್ನು ತೋರಿಸುತ್ತದೆ?

ಕೊನೆಯದಾಗಿ ಕೆಂಪು ಹಳದಿಯಲ್ಲಿ ಹೊಳೆಯುವ ಮಿದುಳಿನ ಚಿತ್ರಗಳು. ಇವುಗಳಲ್ಲಿ ಹೆಚ್ಚಿನವು ಕ್ರಿಯಾತ್ಮಕ ಎಂಆರ್‌ಐ ವಿಧಾನದವು. 1990ರಲ್ಲಿ ಸೇಜಿ ಒಗಾವಾ ತೋರಿಸಿಕೊಟ್ಟ ತತ್ತ್ವದಂತೆ ಇವು ಅಳೆಯುವುದು ರಕ್ತದಲ್ಲಿರುವ ಆಕ್ಸಿಜನ್ನಿನ ಏರಿಳಿತವನ್ನು. ಡೋಪಮೀನನ್ನೂ ಅಲ್ಲ, ಸಂತೋಷವನ್ನೂ ಅಲ್ಲ. ಔಷಧಿಯೊಂದು ರಕ್ತನಾಳಗಳನ್ನೇ ಹಿಗ್ಗಿಸಿದರೂ ಬಣ್ಣ ಬದಲಾಗಬಹುದು. ಅಲ್ಲದೆ ಬಣ್ಣ ಬಳಿಯುವುದು ಸಂಖ್ಯಾಶಾಸ್ತ್ರದ ಲೆಕ್ಕಾಚಾರವೇ ಹೊರತು ಮಿದುಳಲ್ಲ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು ಮನುಷ್ಯರ ಫೋಟೋಗಳನ್ನು ‘ತೋರಿಸಿದರು’. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟಾಗ, ಸತ್ತ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದಾಗ ಅದು ಮಾಯವಾಯಿತು. ಈ ವಿಧಾನ ನಿರುಪಯುಕ್ತ ಎಂದು ಇದರ ಅರ್ಥವಲ್ಲ. ಚಿತ್ರದ ಕೆಳಗಿನ ವಿವರ ಓದದೆ ಚಿತ್ರವನ್ನು ನಂಬಬಾರದು ಎಂದಷ್ಟೇ.

ತರಗತಿಯಲ್ಲಿ ಏನು ಹೇಳೋಣ?

ಸರಳಗೊಳಿಸಿ ಹೇಳುವುದನ್ನೇ ತಪ್ಪೆನ್ನಲಾಗದು. ಮನೋರೋಗವೆಂದರೆ ಗಾಳಿ, ಮಾಟ ಎನ್ನುತ್ತಿದ್ದ ಕಡೆ ‘ಇದು ಮಿದುಳಿನ ರಾಸಾಯನಿಕದ ವಿಷಯ’ ಎಂಬ ಮಾತು ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿಗೆ ತಂದಿದೆ. ಆ ಕೆಲಸಕ್ಕೆ ಅದು ಸಾಕಾಗಿತ್ತು. ಆದರೆ ಬಾಗಿಲು ದಾಟಿದ ಮೇಲೆ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕಾದ ಮನೆಗೆ ಅದು ಸಾಲದು. ನಮ್ಮ ಜನಪ್ರಿಯ ವಿಜ್ಞಾನ ಲೇಖನಗಳು, ವಿಜ್ಞಾನ ಪತ್ರಿಕೆಗಳನ್ನೂ ಸೇರಿಸಿ, ಬಾಗಿಲಿನಲ್ಲೇ ನಿಂತುಬಿಟ್ಟಿವೆ ಎಂಬುದೇ ಈ ಲೇಖನದ ಆಕ್ಷೇಪ.

ಉಪಾಧ್ಯಾಯರಲ್ಲಿ ಒಂದು ವಿನಂತಿ. ಡೋಪಮೀನಿನ ಮಾತು ಬಂದಾಗ ಕರಿಹಲಗೆಯ ಮೇಲೆ ಮಿದುಳಿನ ಒಂದು ಒರಟು ಚಿತ್ರ ಬರೆದು ನಾಲ್ಕು ಬಾಣಗಳನ್ನು ಹಾಕಿ. ಪ್ರತಿಯೊಂದು ಬಾಣದ ತುದಿಯಲ್ಲೂ ‘ಕಡಿಮೆಯಾದರೆ ಏನು, ಹೆಚ್ಚಾದರೆ ಏನು’ ಎಂದು ಮಕ್ಕಳಿಂದಲೇ ಬರೆಸಿ. ಹತ್ತು ನಿಮಿಷದ ಕೆಲಸವಿದು. ವಿದ್ಯಾರ್ಥಿಗಳೇ, ಡೋಪಮೀನ್ ಬಗ್ಗೆ ಯಾವ ಸುದ್ದಿ ಓದಿದರೂ ಮೂರು ಪ್ರಶ್ನೆ ಹಾಕಿ: ಮಿದುಳಿನ ಯಾವ ಭಾಗ? ಅಳೆದದ್ದು ಏನನ್ನು? ಇಲಿಯಲ್ಲೋ, ಮನುಷ್ಯನಲ್ಲೋ? ನಸುಗುನ್ನಿ ಬೀಜದ ಪುಡಿಯನ್ನು ತಾವಾಗಿ ತೆಗೆದುಕೊಳ್ಳುವವರಿಗೆ, ಅದರಲ್ಲಿರುವ ಎಲ್-ಡೋಪದ ಪ್ರಮಾಣ ಬೀಜದಿಂದ ಬೀಜಕ್ಕೆ ಬೇರೆಯೆಂದೂ ಅದು ನಿಜವಾದ ಔಷಧಿಯೇ ಆದ್ದರಿಂದ ಅಪಾಯವೂ ನಿಜವೆಂದೂ ತಿಳಿಸಿ. ಮಾತ್ರೆ ನಿಲ್ಲಿಸಲು ಹೊರಟ ಮನೆಯವರಿಗೆ ಮೊದಲು ವೈದ್ಯರನ್ನು ಕಾಣಲು ಹೇಳಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಸಿರುಗುಪ್ಪದ ಆ ತಂಗಿಯ ಬಳಿಗೆ ಮರಳೋಣ. ಆಕೆ ಮನೆಯವರಿಗೆ ಹೇಳಬೇಕಾದದ್ದು ಬಹಳವೇನಿಲ್ಲ: ‘ಅಣ್ಣನ ಮಾತ್ರೆ ಬೇಕಾದ ಕಡೆ ಕೆಲಸ ಮಾಡ್ತಾ ಇದೆ, ಬೇಡದ ಕಡೆಗೂ ಸ್ವಲ್ಪ ಹೋಗ್ತಾ ಇದೆ. ಡಾಕ್ಟರ ಹತ್ರ ಹೋಗಿ ಸರಿ ಮಾಡಿಸೋಣ, ಬಿಡೋದು ಬೇಡ.’ ಇಷ್ಟು ಹೇಳಲು ಆಕೆಗೆ ನರವಿಜ್ಞಾನದ ಪದವಿ ಬೇಕಿಲ್ಲ. ‘ಎಲ್ಲಿ’ ಎಂದು ಕೇಳುವುದನ್ನು ಯಾರಾದರೂ ಕಲಿಸಿದ್ದರೆ ಸಾಕು.